ಅಕ್ಕನ ಅಂಗೈ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಡೇಟಾ ಸೆಂಟರ್ ನೋಡಿಕೊಳ್ಳುವ ಈ ಮಹಾರಾಯನಿಗೆ ಐವತ್ತು ದಾಟಿದರೂ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಟ. ಅವನ ಲೋಟದಲ್ಲಿ ಚಹಾ ಆರಿದ್ದನ್ನು ಕಂಡವರಿಲ್ಲ; ನಾಲಗೆ ಸುಟ್ಟುಕೊಂಡೇ ಮುಗಿಸುತ್ತಾನೆ. ಇಂಥವನನ್ನು ಅಕ್ಕ ಕರೆಯುತ್ತಿದ್ದುದು ‘ಕಣಜ’ ಎಂದು. ಚಿಕ್ಕಂದಿನಲ್ಲಿ ತುತ್ತು ನುಂಗದೆ, ಕಣಜಕ್ಕೆ ಕಾಳು ತುಂಬಿದಂತೆ ಕೆನ್ನೆಯಲ್ಲೇ ತುಂಬಿಟ್ಟುಕೊಂಡು ಕೂರುತ್ತಿದ್ದನಂತೆ. ಅಮ್ಮ ಕೆಲಸಕ್ಕೆ ಹೋದ ಮೇಲೆ ಅವನಿಗೆ ಉಣಿಸುವ ಪಾಡು ಅಕ್ಕನದಾಗಿತ್ತು.

ಈಗ ಅದೇ ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದಿತ್ತು. ಒಂದು ಪದ ಹೊರಡಲು ತುಂಬ ಹೊತ್ತು ಬೇಕು. ಅಷ್ಟು ಹೊತ್ತು ಯಾರೂ ಕಾಯದಿದ್ದರಿಂದ ಅವಳು ಮಾತನ್ನೇ ಬಿಟ್ಟಿದ್ದಳು. ತಮ್ಮ ಅವಳನ್ನು ತನ್ನ ಮನೆಗೆ ಕರೆತಂದು, ದಿನಾ ಡ್ಯೂಟಿಗೆ ಮುಂಚೆ ಮೆತ್ತಗೆ ಬೇಯಿಸಿದ ಅನ್ನ ಹಿಡಿದು ಎದುರು ಕೂರುತ್ತಿದ್ದ. ನಾಲ್ಕು ಚಮಚ ಹೋಗುವಷ್ಟರಲ್ಲಿ ಅಕ್ಕ ಎಡಗೈ ಎತ್ತಿ ಅಂಗೈ ತೋರಿಸುವಳು. “ಸಾಕಂತೆ” ಎಂದು ಅವನು ತಟ್ಟೆ ತೆಗೆದುಬಿಡುವನು. ಅಕ್ಕ ಒಣಗಿ ಕಡ್ಡಿಯಾದಳು.

“ಈ ವಾರಾನೂ ಹೀಗೇ ಆದ್ರೆ ಮೂಗಲ್ಲಿ ಟ್ಯೂಬ್ ಹಾಕಬೇಕಾಗುತ್ತೆ,” ಎಂದರು ಡಾಕ್ಟರು. ಅವನ ಜೀವವೇ ಹಾರಿದಂತಾಯಿತು. ಕೈ ಏಳುವ ಮೊದಲೇ ಆದಷ್ಟು ಒಳಗೆ ಹೋಗಲಿ ಎಂದು ಇನ್ನೂ ಬೇಗ ಬೇಗ ಉಣಿಸತೊಡಗಿದ. ಕೈಯೂ ಇನ್ನೂ ಬೇಗ ಎದ್ದಿತು.

ಅದೇ ವಾರ ಸ್ಕ್ಯಾನ್ ಚಿತ್ರಗಳು ಸ್ಟೋರೇಜಿಗೆ ಸರಿಯಾಗಿ ಸೇರುತ್ತಿಲ್ಲ ಎಂದು ದೂರು ಬಂತು. ಅಲ್ಲಿ ಫೋನು, ಕ್ಯಾಮೆರಾ, ಸ್ಕ್ಯಾನು ಎಲ್ಲ ಓಡುವುದು ಒಂದೇ ಕೇಬಲಿನಲ್ಲಿ, ತಂತಮ್ಮ ಸಾಲಿನಲ್ಲಿ. ಫೋನಿನ ಮಾತಿನಲ್ಲಿ ಒಂದು ಚೂರು ಉದುರಿದರೆ ಯಾರ ಗಂಟೂ ಹೋಗುವುದಿಲ್ಲ. ಸ್ಕ್ಯಾನಿನದು ಒಂದು ಚೂರೂ ಉದುರುವಂತಿಲ್ಲ. ಅವನು ಆ ಸಾಲಿಗೆ ಬ್ಯಾಂಡ್‌ವಿಡ್ತ್ ಪಾಲು ಹೆಚ್ಚಿಸಿದ. ಉದುರುವುದೂ ಹೆಚ್ಚಿತು.

ಪಕ್ಕದಲ್ಲಿ ಕೂರುವ ಸಹೋದ್ಯೋಗಿ ಪರದೆ ನೋಡಿ ಹೇಳಿದಳು: “ಸಾರ್, ಪಾಲು ಕಮ್ಮಿಯಾಗಿಲ್ಲ. ಡೇಟಾ ದಾಟಿಸೋ ಈ ಹೊಸ ಸ್ವಿಚ್ಚು ತುಂಬಿದಾಗೆಲ್ಲ ‘ತಡಿ’ ಅಂತ ಸಿಗ್ನಲ್ ಕಳಿಸ್ತಾನೇ ಇದೆ. ಚಿತ್ರ ಕಳಿಸೋ ತುದೀಲಿ ಅದನ್ನ ಕೇಳೋ ಸೆಟ್ಟಿಂಗೇ ಹಾಕಿಲ್ಲ. ಅದು ಸುರೀತಾನೇ ಇದೆ.”

“ಹಾಕ್ಬೇಕಾದೋನು ನಾನೇ. ಮರೆತಿದೀನಿ,” ಎಂದ ಅವನು. “ತಡಿ ಅಂದ್ರೆ ಬೇಡ ಅಂತಲ್ವಲ್ಲ. ಇರೋದನ್ನ ಒಳಗೆ ಹಾಕ್ಕೊತೀನಿ, ಆಮೇಲೆ ಕೊಡು ಅಂತ...”

ಹೇಳುತ್ತಿದ್ದಂತೆಯೇ ಅಕ್ಕನ ಅಂಗೈ ಕಣ್ಣಿಗೆ ಕಟ್ಟಿತು. ಸೆಟ್ಟಿಂಗ್ ಸರಿಮಾಡಿ, ಚಿತ್ರಗಳು ಒಂದೂ ಉದುರದೆ ಸಾಗುವುದನ್ನು ನೋಡಿ, ಅರ್ಧ ದಿನ ರಜೆ ಹಾಕಿ ಮನೆಗೆ ಹೊರಟ.

ಮೂರನೇ ಚಮಚಕ್ಕೇ ಅಕ್ಕನ ಕೈ ಎದ್ದಿತು.

“ಸಾಕಂತೆ, ಬಿಡ್ರೀ ಪಾಪ,” ಎಂದಳು ಬಾಗಿಲಲ್ಲಿದ್ದ ಹೆಂಡತಿ.

“ತಾಳು,” ಎಂದು ಅವನು ಚಮಚ ಹಿಡಿದೇ ಕೂತ. ಜನ್ಮದಲ್ಲಿ ಅಷ್ಟು ಹೊತ್ತು ಅವನು ಸುಮ್ಮನೆ ಕೂತದ್ದಿಲ್ಲ. ಅಕ್ಕನ ಗಂಟಲು ನಿಧಾನವಾಗಿ ಏರಿ ಇಳಿಯಿತು, ಮತ್ತೊಮ್ಮೆ ಏರಿ ಇಳಿಯಿತು. ಆಮೇಲೆ ಕೈ ತಾನಾಗಿ ಮಡಿಲಿಗೆ ಇಳಿದು, ಬಾಯಿ ತೆರೆಯಿತು. ಅನ್ನ ಆರಿತೆಂದು ಹೆಂಡತಿ ನಡುವೆ ಬಿಸಿಮಾಡಿ ತಂದಳು. ಅಂತೂ ತಟ್ಟೆ ಖಾಲಿಯಾಯಿತು.

“ಹಸ್ಕೊಂಡೇ ಇದ್ಯಲ್ಲ ಅಕ್ಕಾ, ನಾನು ತಟ್ಟೆ ಎತ್ಕೊಂಡು ಹೋಗ್ತಿದ್ದೆ...” ಅವನಿಗೆ ಅಳು ತಡೆಯಲಾಗಲಿಲ್ಲ.

ಅಕ್ಕ ಅಂಗೈ ಎತ್ತಿದಳು. ಅವನು ಬಾಯಿ ಮುಚ್ಚಿ ಕಾದ. ಗುಳಿಬಿದ್ದ ತನ್ನ ಕೆನ್ನೆಯನ್ನು ಬೆರಳಿನಿಂದ ತಟ್ಟಿ ತೋರಿಸಿ, ಒಂದೊಂದೇ ಪದ ಹೆಕ್ಕಿ ಅವಳು ಹೇಳಿದಳು:

“ಈಗ... ನಾನು... ಕಣಜ.”