ಕೆಂಪು ದಾರದ ಹೀರೇಕಾಯಿ

ಹೀರೇಕಾಯಿಯ ಹೂವು ಸಂಜೆ ಅರಳುತ್ತದೆ. ನನ್ನ ಬದುಕು ಒಂದು ದಾರಿಗೆ ಹತ್ತಿದ್ದು ಆ ಹೂವಿನ ಈ ಒಂದು ಗುಣದಿಂದ. ಅದು ಬೆಳಿಗ್ಗೆ ಅರಳುವ ಹೂವಾಗಿದ್ದರೆ ನಾನು ಇವತ್ತಿಗೂ ಗೋದಾಮಿನಲ್ಲಿ ಚೀಲ ತೂಗುತ್ತ ಕೂತಿರುತ್ತಿದ್ದೆನೋ ಏನೋ.

ಕೃಷಿ ಡಿಪ್ಲೊಮಾ ಮುಗಿಸಿ ಕುಷ್ಟಗಿಯ ಒಂದು ಬೀಜದ ಕಂಪನಿಗೆ ಸೇರಿದಾಗ ನನ್ನ ಹುದ್ದೆಯ ಹೆಸರು ಟ್ರೇನಿ. ಹೆಸರು ಕೇಳಲು ಚೆಂದ. ಪಗಾರ ಮಾತ್ರ ಬಂದ ಸುದ್ದಿ ನನಗೆ ಗೊತ್ತಾಗುವುದರೊಳಗೆ ಖಾಲಿಯಾಗಿರುತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಇಬ್ಬರು ನರ್ಸಿಂಗ್ ಹುಡುಗಿಯರ ಜೊತೆ ಒಂದು ಖೋಲಿ ಹಿಡಿದಿದ್ದೆ. ಬಾಡಿಗೆ, ಗ್ಯಾಸು, ಮೊಬೈಲ್ ರೀಚಾರ್ಜು ಕಳೆದರೆ ಉಳಿಯುವುದು ಚಹಾಕ್ಕೆ. ಆದರೂ ಹಸಿದು ಮಲಗಿದ ನೆನಪು ನನಗಿಲ್ಲ. ಅದಕ್ಕೆ ಕಾರಣ ಅವ್ವ, ಮತ್ತು ಯಲಬುರ್ಗಾ ಕಡೆಯಿಂದ ಬರುವ ಬೆಳಗಿನ ಬಸ್ಸಿನ ಡ್ರೈವರ್.

ನಮ್ಮ ಕಡೆ ಪಟ್ಟಣದಲ್ಲಿ ಓದುವ, ದುಡಿಯುವ ಮಕ್ಕಳಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಪಲ್ಯ. ಎಲ್ಲ ಹಳೆಯ ಬಟ್ಟೆಯೊಂದರಲ್ಲಿ ಗಂಟಾಗಿ ಡ್ರೈವರಿನ ಪಕ್ಕ ಬಂದು ಕೂರುತ್ತದೆ. ಟಿಕೆಟ್ಟಿಲ್ಲ, ಚೀಟಿಯಿಲ್ಲ. ಯಾವ ಗಂಟು ಯಾರದೆಂದು ಆ ಮನುಷ್ಯನಿಗೆ ಬಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. "ಏ ತಂಗಿ, ಇವತ್ತ ಗಂಟು ಭಾರ ಐತಿ. ನಿಮ್ಮವ್ವ ಹೋಳಿಗಿ ಕಟ್ಯಾಳ ನೋಡು, ವಾಸನಿಗೆ ನನಗ ಗಾಡಿ ಹೊಡ್ಯಾಕ ಆಗ್ಲಿಲ್ಲ," ಎಂದು ಕಿಟಕಿಯಿಂದ ಕೆಳಗಿಳಿಸುತ್ತಿದ್ದ. ಬಿಚ್ಚಿ ಒಂದು ಹೋಳಿಗೆ ಕೊಟ್ಟರೆ ಮೊದಲು ಬೇಡ ಅನ್ನುತ್ತಿದ್ದ, ಆಮೇಲೆ ತಿನ್ನುತ್ತಿದ್ದ. ಆ ವರ್ಷ ನನ್ನನ್ನು ಸಾಕಿದವರ ಪೈಕಿ ಅವನೂ ಒಬ್ಬ.

ಕಂಪನಿಯಲ್ಲಿ ಎರಡು ಜಾತಿಯ ನೌಕರರಿದ್ದರು. ಗಾಡಿ ಇದ್ದವರು, ಗಾಡಿ ಇಲ್ಲದವರು. ಗಾಡಿ ಇದ್ದವರು ಫೀಲ್ಡಿಗೆ ಹೋಗುತ್ತಿದ್ದರು. ಕಂಪನಿಗೆ ಬೀಜ ಬೆಳೆದು ಕೊಡುವ ರೈತರ ಹೊಲ ತಿರುಗಿ ಬೆಳೆ ನೋಡುವ ಕೆಲಸ. ಪಗಾರ ಹೆಚ್ಚು, ಪೆಟ್ರೋಲ್ ಭತ್ಯೆ ಬೇರೆ. ಗಾಡಿ ಇಲ್ಲದವರು ಗೋದಾಮಿನಲ್ಲಿ ಉಳಿಯುತ್ತಿದ್ದರು. ಫೀಲ್ಡ್ ಕೊಡಿ ಎಂದು ಮ್ಯಾನೇಜರ್ ಸರ್ ಹತ್ತಿರ ಕೇಳಿದಾಗ ಅವರು ಸಿಟ್ಟು ಮಾಡಲಿಲ್ಲ, ಸುತ್ತುಬಳಸಿಯೂ ಮಾತಾಡಲಿಲ್ಲ.

"ಬಸ್ಸು ಹೊಲದ ಬದುವಿಗೆ ಬರಂಗಿಲ್ಲವಾ. ಮುಂಗಾರಿ ಶುರು ಆಗೂದ್ರೊಳಗ ಒಂದು ಗಾಡಿ ತಗೊ, ಫೀಲ್ಡ್ ಕೊಡ್ತೀನಿ. ಇಲ್ಲಂದ್ರ ಆ ಜಾಗಾಕ್ಕ ಬ್ಯಾರೆಯವ್ರು ಬರ್ತಾರ. ಆಮ್ಯಾಲ ನಿನ್ನ ಟ್ರೇನಿ ಅವಧಿನೂ ಮುಗೀತೈತಿ, ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಅಂದರೆ ಗಾಡಿ ಬಂದರೆ ನೌಕರಿ, ಇಲ್ಲದಿದ್ದರೆ ಊರು. ಆ ಪಗಾರದಲ್ಲಿ ಗಾಡಿ ಕೊಳ್ಳುವುದೆಂದರೆ ಬೊಗಸೆಯಿಂದ ಬಾವಿ ತುಂಬಿಸುವ ಕೆಲಸ. ನನ್ನದು ಸ್ವಲ್ಪ ಮೊಂಡು ಸ್ವಭಾವ. ಅವರ ಮೇಜಿನ ಮುಂದೆ ನಿಂತುಕೊಂಡೇ ಕೇಳಿದೆ: "ಸರ್, ನಾನೂ ರೈತರಂಗ ಕಂಪನಿಗೆ ಬೀಜ ಬೆಳೆದು ಕೊಡಬಹುದೇನ್ರಿ?" ಅವರು ಕನ್ನಡಕದ ಮೇಲಿಂದ ನೋಡಿದರು. "ನೌಕರಿ ಬಿಟ್ಟು ಬೆಳೀತೀ?" "ಇಲ್ರಿ. ಹೀರಿಕಾಯಿ ಬೆಳೀತೀನಿ. ಅದರ ಕ್ರಾಸಿಂಗ್ ಸಂಜಿ ಮುಂದ್ರಿ, ಗೋದಾಮಿನ ಕೆಲಸ ಮುಗದ ಮ್ಯಾಲ." ಸರ್ ನಕ್ಕರು. ನಕ್ಕ ಮೇಲೆ ಇಲ್ಲ ಅನ್ನಲು ಅವರಿಗೂ ಆಗಲಿಲ್ಲ.

ಕುಷ್ಟಗಿಯ ಹೊರಗೆ, ಬಸ್ ಇಳಿದು ಸ್ವಲ್ಪ ನಡೆದರೆ ಸಿಗುವ ಅರ್ಧ ಎಕರೆಯನ್ನು ಗುತ್ತಿಗೆಗೆ, ನಮ್ಮ ಮಾತಿನಲ್ಲಿ ಲಾವಣಿಗೆ, ಹಿಡಿದೆ. ಬೋರ್‌ವೆಲ್ ನೀರಿತ್ತು. ಹೊಲದ ಯಜಮಾನ ದುಡ್ಡು ಬೆಳೆ ಬಂದ ಮೇಲೆ ಕೊಡು ಎಂದ. ಅವನ ತಾಯಿ, ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿ, ಹೊಲದಲ್ಲೇ ಇರುವ ಮನೆಯ ಕಟ್ಟೆಯ ಮೇಲೆ ಕೂತು, "ಪ್ಯಾಟಿ ಹುಡುಗಿ ಎಷ್ಟ ದಿನಾ ಬರ್ತಾಳ ನೋಡೂಣು" ಎಂದು ನನಗೆ ಕೇಳುವ ಹಾಗೆಯೇ ಹೇಳಿದಳು.

ಕ್ರಾಸಿಂಗ್ ಎಂದರೆ ಹೂವಿನ ಮದುವೆ ಮಾಡುವ ಕೆಲಸ. ಒಂದು ತಳಿಯ ಹೆಣ್ಣು ಹೂವಿಗೆ ಮತ್ತೊಂದು ತಳಿಯ ಗಂಡು ಹೂವನ್ನು ಕೈಯಿಂದಲೇ ಮುಟ್ಟಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರ ಇದ್ದ ಕಾಯಿ ಬೀಜಕ್ಕೆ. ದಾರ ಇಲ್ಲದ್ದು ದುಂಬಿ ಮಾಡಿಟ್ಟ ಸಂಸಾರ. ಎಳೆಯದಿದ್ದಾಗಲೇ ಕೊಯ್ದು ಹಾಕಬೇಕು, ಇಲ್ಲದಿದ್ದರೆ ಬೀಜ ಕಲಬೆರಕೆ. ಈ ಕೆಲಸಕ್ಕೆ ಪಕ್ಕದ ಊರಿನ ಹೆಣ್ಣುಮಕ್ಕಳ ಒಂದು ಗುಂಪು ಬರುತ್ತಿತ್ತು. ಅವರ ಮುಂದಾಳನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಗೋದಾಮಿನ ಕೆಲಸ ಮುಗಿಸಿ ನಾನು ಓಡುತ್ತ ಬರುವ ಹೊತ್ತಿಗೆ ಹೂವು ಬಿರಿಯುತ್ತಿತ್ತು, ಆಪಾ ಸೆರಗು ಸಿಕ್ಕಿಸಿ ನಿಂತಿರುತ್ತಿದ್ದಳು. "ಬಂದ್ರು ನೋಡ್ರಿ ಮಾಲಕರು, ಬಸ್ಸಿನ್ಯಾಗ ಜೋತಾಡಿಕೋತ," ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಅವರ ಕೂಲಿಗೆ ನನ್ನ ಪಗಾರ ಪೂರ್ತಿ ಹೋಗುತ್ತಿತ್ತು. ನಾನು ಅವ್ವನ ರೊಟ್ಟಿಯ ಮೇಲೆ ಬದುಕಿದೆ. ಅಂಥ ಸುಖದ ದಿನಗಳು ಆಮೇಲೆ ಕಡಿಮೆ ಬಂದಿವೆ ಎಂದರೆ ಯಾರೂ ನಂಬುವುದಿಲ್ಲ.

ಬಳ್ಳಿ ತುಂಬ ಹೂ ಬಿಟ್ಟ ಹೊತ್ತಿನಲ್ಲಿ ಹುಣ್ಣಿಮೆ ಬಂತು. ಹೆಣ್ಣುಮಕ್ಕಳೆಲ್ಲ ಟಂಟಂ ಆಟೋ ಮಾಡಿಕೊಂಡು ಹುಲಿಗಿಗೆ ಹೊರಟರು. ಹುಲಿಗೆಮ್ಮನಿಗೆ ಹೋಗುವವರನ್ನು ಬೇಡ ಎನ್ನುವ ಎದೆ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಆಪಾಗೂ ಅದೇ ಹೊತ್ತಿಗೆ ಗಂಗಾವತಿಯಲ್ಲಿ ತಂಗಿಯ ಮನೆಯ ಕಾರ್ಯಕ್ರಮ. ನನಗೆ ಗೋದಾಮಿನಲ್ಲಿ ಲಾರಿ ಲೋಡಿಂಗ್. ಎರಡು ಸಂಜೆ ಹೊಲಕ್ಕೆ ಯಾರೂ ಹೋಗಲಿಲ್ಲ. ಚಿಂತೆ ಮಾಡಲಿಲ್ಲ, ದಾರವಿಲ್ಲದ್ದನ್ನು ಮೂರನೆಯ ದಿನ ಕೊಯ್ದರಾಯಿತು.

ಮೂರನೆಯ ದಿನ ಹೋಗಿ ನೋಡಿದರೆ ದಾರವಿಲ್ಲದ ಒಂದು ಕಾಯಿಯೂ ಹೊಲದಲ್ಲಿ ಇಲ್ಲ. ಬೆರಳುದ್ದದ ಮಿಡಿಗೂ ಕೆಂಪು ದಾರ. ಆಪಾ ಒಂದೊಂದೇ ಬಳ್ಳಿ ಎತ್ತಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆಯಿ ಕಟ್ಟೆ ಇಳಿದು ಬಂದಳು, ಕೈಯಲ್ಲಿ ನಾವು ಹೊಲದಲ್ಲಿ ಬಿಟ್ಟುಹೋಗಿದ್ದ ದಾರದ ಉಂಡೆ.

"ನಾನ ಕಟ್ಟೀನಿ," ಎಂದಳು, ಹೊಗಳಲಿ ಎಂದು ಕಾಯುವವಳಂತೆ. "ದಿನಾ ನೋಡ್ತೀನಿ, ಎಳೀ ಕೂಸಿನಂಥಾವು, ಚಿವುಟಿ ಚಿವುಟಿ ಒಗೀತೀರಿ. ದಾರ ಇದ್ದದ್ದಷ್ಟ ಬಿಡ್ತೀರಿ. ಅದಕ್ಕ ಎಲ್ಲಾಕ್ಕೂ ಕಟ್ಟಿಬಿಟ್ಟೆ. ಉಳೀಲಿ ಪಾಪ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಬಾಯಿ ತೆರೆದರೆ ಏನು ಹೊರಬೀಳುತ್ತಿತ್ತೋ. ಆಪಾ ನನ್ನ ಮುಂಗೈ ಹಿಡಿದು ಬದುವಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಗುಂಪಿನಲ್ಲೊಬ್ಬಳು, "ಯಾರಿಗೆ ಗೊತ್ತಾಗ್ತೈತ್ರಿ, ಬಿಡ್ರಿ ಹಂಗ," ಎಂದಳು. ಗೊತ್ತಾಗುತ್ತದೆ. ಕಂಪನಿ ಪ್ರತಿ ರೈತನ ಬೀಜದಲ್ಲಿ ಒಂದಿಷ್ಟನ್ನು ಬಿತ್ತಿ, ಬಳ್ಳಿ ಬೆಳೆಸಿ, ಶುದ್ಧವೋ ಕಲಬೆರಕೆಯೋ ನೋಡಿಯೇ ದುಡ್ಡು ಕೊಡುತ್ತದೆ. ನಪಾಸಾದ ರೈತ ಗೋದಾಮಿಗೆ ಬಂದು ತನ್ನ ಚೀಲವನ್ನು ಸುಮ್ಮನೆ ನೋಡುತ್ತ ನಿಲ್ಲುವುದನ್ನು ನಾನು ಕಂಡಿದ್ದೆ.

"ಸಣ್ಣೂ ಎಲ್ಲಾ ಕೊಯ್ಯೂಣು," ಎಂದಳು ಆಪಾ. "ಯಾವುದು ಯಾರು ಕಟ್ಟಿದ್ದು ಈಗ ತಿಳಿಯಂಗಿಲ್ಲ, ನಾವು ಕಟ್ಟಿದ್ದೂ ಅದರಾಗ ಹೋಗ್ತಾವ. ಹೋಗ್ಲಿ. ಮೊದಲ ಕಟ್ಟಿದ ದೊಡ್ಡೂ ಉಳೀತಾವಲ್ಲ."

ಕೊಯ್ದೆವು. ಕತ್ತಲಾಗುವುದರೊಳಗೆ ಬುಟ್ಟಿಗಟ್ಟಲೆ ಎಳೆ ಹೀರೇಕಾಯಿ ಗುಡ್ಡೆ ಬಿತ್ತು, ಅದರಲ್ಲಿ ನನ್ನ ಗಾಡಿಯ ಎರಡು ಗಾಲಿಯೂ ಇದ್ದವು. ಆಯಿ ಏನೂ ತಿಳಿಯದೆ ನಿಂತಿದ್ದಳು. ಆಪಾ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದಳು: ಕಲಬೆರಕೆ, ಪರೀಕ್ಷೆ, ಗಾಡಿ, ನೌಕರಿ. ಮುದುಕಿ ದಾರದ ಉಂಡೆಯನ್ನು ಕಲ್ಲಿನ ಮೇಲಿಟ್ಟು ಮನೆಯೊಳಗೆ ಹೋದಳು.

ಮರುದಿನ ಸಂತೆ. ಇಷ್ಟು ಕಾಯಿ ಒಗೆಯುವುದೇಕೆ ಎಂದು ಆಪಾ ನನ್ನನ್ನೂ ಎಳೆದುಕೊಂಡು ಹೋಗಿ ಚೀಲ ಹಾಸಿ ಕೂರಿಸಿದಳು. ರಜೆ ಹಾಕಿದ್ದೆ. ಓಡಣಿಯನ್ನು ಮೂಗಿನ ತನಕ ಎಳೆದುಕೊಂಡು ಕೂತರೂ ಗ್ರಹಚಾರ ತಪ್ಪಲಿಲ್ಲ. ಮ್ಯಾನೇಜರ್ ಸರ್ ಕೈಚೀಲ ಹಿಡಿದು ಬಂದವರು ನನ್ನ ಮುಂದೆಯೇ ಬಗ್ಗಿ, ಕಾಯಿ ಮುರಿದು ನೋಡಿ, "ಹೆಂಗ ಕೊಟ್ಟಿಯವಾ?" ಎಂದರು. ನಾನು ದರ ಹೇಳಿದೆ, ಧ್ವನಿ ಕೇಳಿ ಗುರುತು ಹಿಡಿದರು. ನಾನು ಅಲ್ಲೇ, ಸಂತೆಯ ಗದ್ದಲದಲ್ಲಿ, ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಕೊಯ್ದದ್ದು ಛಲೋ ಮಾಡೀದಿ," ಎಂದರು. "ನಮ್ಮ ಹಳೇ ಫೀಲ್ಡಿನವ್ರೂ ಇಷ್ಟು ಧೈರ್ಯ ಮಾಡಂಗಿಲ್ಲ." ಚೌಕಾಶಿ ಮಾಡದೆ ಚೀಲ ತುಂಬಿಸಿಕೊಂಡು ಹೋದರು. ಆ ದಿನದ ವ್ಯಾಪಾರ ಹೆಣ್ಣುಮಕ್ಕಳ ವಾರದ ಕೂಲಿಗೆ ಸಾಕಾಯಿತು. ಅಲ್ಲಿಂದ ಮುಂದೆ ಕೊಯ್ದ ಯಾವ ಕಾಯಿಯನ್ನೂ ನಾವು ಒಗೆಯಲಿಲ್ಲ. ನನ್ನ ಪಗಾರ ಮೊದಲ ಸಲ ತಿಂಗಳು ದಾಟಿ ಉಳಿಯಿತು. ಇವತ್ತು ನನ್ನ ಕೈ ಕೆಳಗೆ ಕನಕಗಿರಿಯ ತನಕ ಹರಡಿದ ಹೊಲಗಳಿವೆ, ಕೊಪ್ಪಳದಲ್ಲಿ ಸ್ವಂತದ್ದೊಂದು ಸಣ್ಣ ಮನೆಯಿದೆ. ಇದೆಲ್ಲಕ್ಕೂ ಬುನಾದಿ ಬಿದ್ದದ್ದು ಆ ಸಂತೆಯ ಚೀಲದ ಮೇಲೆ. ದುಡಿಮೆಯೆಂದರೆ ಪಗಾರ ಮಾತ್ರವಲ್ಲ ಎಂದು ನನಗೆ ಕಲಿಸಿದ ಆಪಾಗೆ ನಾನು ಎಷ್ಟು ಸಲ ಕೈಮುಗಿದರೂ ಕಡಿಮೆಯೇ.

ಸಂತೆ ಮುಗಿಸಿದ ಸಂಜೆ ಹೊಲಕ್ಕೆ ಹೋದಾಗ ಆಯಿ ಬಳ್ಳಿಗಳ ನಡುವೆ ಬಗ್ಗಿಕೊಂಡಿದ್ದಳು. ಮತ್ತೆ ಕಟ್ಟುತ್ತಿದ್ದಾಳೋ? ಹತ್ತಿರ ಹೋದೆ. ಕಟ್ಟುತ್ತಿರಲಿಲ್ಲ. ದಾರವಿಲ್ಲದ ಮಿಡಿಗಳನ್ನು ಹುಡುಕಿ ಹುಡುಕಿ ಕೊಯ್ಯುತ್ತಿದ್ದಳು. ಒಂದೊಂದನ್ನೂ ಮೆಲ್ಲಗೆ ತಿರುವಿ ಬಿಡಿಸಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ನಾನು ಬಿಡಿ ಆಯಿ ಎಂದರೆ, "ಸುಮ್ಕಿರು. ನಿಮ್ಮ ಕಣ್ಣಿಗೆ ತಪ್ಪಿದ್ದು ನನ್ನ ಕಣ್ಣಿಗೆ ತಪ್ಪಂಗಿಲ್ಲ," ಎಂದಳು. ಬೆಳೆ ಮುಗಿಯುವ ತನಕ ಆ ಕೆಲಸಕ್ಕೆ ಬೇರೆ ಯಾರನ್ನೂ ಅವಳು ಬಿಡಲಿಲ್ಲ. ಕೂಲಿ ಕೊಡಹೋದರೆ ಬೈದಳು.

ಉಳಿದ ಕಾಯಿ ಬಳ್ಳಿಯಲ್ಲೇ ಒಣಗಿದವು. ಬೀಜ ಬಿಡಿಸಿ, ತೂಗಿ, ಕಂಪನಿಗೆ ಹಾಕಿದೆವು. ಆಮೇಲೆ ಕಾಯುವುದು. ಬೇಸಿಗೆ ಪೂರ್ತಿ ಕಾದೆ. ಮೊದಲ ಮಳೆ ಬೀಳುವ ಮುಂಚೆ ಸರ್ ಒಳಗೆ ಕರೆದು, "ಪಾಸ್," ಎಂದರು. ಅಷ್ಟೇ. ನಾನು ಗೋದಾಮಿಗೆ ಬಂದು ಚೀಲಗಳ ಮರೆಯಲ್ಲಿ ಕೂತು ಅತ್ತೆ.

ಲಾವಣಿ ಕೊಟ್ಟು, ಉಳಿದ ದುಡ್ಡಿನಲ್ಲಿ ಗಂಗಾವತಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಸ್ಕೂಟಿ ತಂದೆ. ಮೊದಲು ಹೋದದ್ದು ಹೊಲಕ್ಕೆ, ಪೇಡಾದ ಪೊಟ್ಟಣ ಹಿಡಿದು. ಕಟ್ಟೆಯ ಮೇಲೆ ಕೂತಿದ್ದ ಆಯಿಯ ಕಾಲು ಮುಟ್ಟಿ, "ಪಾಸಾತು ಆಯಿ, ನೌಕರಿ ಉಳೀತು," ಎಂದೆ. ಅವಳು ಪೇಡಾ ತೆಗೆದುಕೊಳ್ಳಲಿಲ್ಲ. ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡಳು.

"ಆಗದಿದ್ರ ಹೆಂಗ ಯವ್ವಾ," ಎಂದಳು. "ಅಷ್ಟು ಕೂಸು ಕೊಯ್ದೀನಿ ನಾ."