ಊರು ಬಿಟ್ಟವರ ಪಟ್ಟಿ

ಮೊತ್ರೊನಾ ಅಜ್ಜಿಯ ಅಕ್ಷರ ಮುತ್ತು ಪೋಣಿಸಿದಂತೆ ಇತ್ತು. ಅದೇ ಅವಳಿಗೆ ಮುಳುವಾಯಿತು. ನಮ್ಮ ವೆರ್ಬೊಯಾರ್ ಪುರಸಭೆಯಲ್ಲಿ ಅವಳು ನಲವತ್ತೊಂದು ವರ್ಷ ಗುಮಾಸ್ತೆ. ಬಾಗಿಲ ಮೇಲಿನ ಬಾವುಟ ಬದಲಾಯಿತು, ಬೀದಿಗಳ ಹೆಸರು ಬದಲಾದವು. ಮನೆಪಟ್ಟಿಯ ದಫ್ತರಗಳು ಮಾತ್ರ ಅದೇ ಕಬ್ಬಿಣದ ಬೀರುವಿನಲ್ಲಿ ಉಳಿದವು. ಅದರ ಕೀಲಿ ಈಗ ಅವಳ ಕೆಲಸಕ್ಕೆ ಬಂದ ನನ್ನ ಹತ್ತಿರ ಇದೆ.

೧೯೩೩ರ ವಸಂತ. ಸರ್ಕಾರದವರು ಮನೆಮನೆಯ ಧಾನ್ಯ ಹೊತ್ತೊಯ್ದ ಮೇಲೆ ಊರಿಗೆ ಊರೇ ಹಸಿದು ಸಾಯುತ್ತಿತ್ತು. ಅವಳಿಗೆ ಹದಿನಾರು. ಮೇಲಿಂದ ಬಂದ ಸಾಹೇಬ ಹೇಳಿದ: "ಸತ್ತರು ಅಂತ ಬರೀಬೇಡ. ಊರು ಬಿಟ್ಟರು ಅಂತ ಬರಿ." ಬರೆದಳು. ಅದಕ್ಕೆ ಕೂಲಿ, ದಿನಕ್ಕೊಂದು ತುಂಡು ರೊಟ್ಟಿ. ಒಟ್ಟು ಎಂಬತ್ತಮೂರು ಹೆಸರು. ಕೊನೆಯದು ಅವಳ ತಂಗಿ ಒರಿಸ್ಯಾಳದು, ಆರು ವರ್ಷದ ಮಗು. ಎಲ್ಲರನ್ನೂ ಯಾವುದೋ ಹಳ್ಳದಲ್ಲಿ ಒಟ್ಟಿಗೆ ಮುಚ್ಚಿದ್ದರು.

ಪ್ರತಿ ವರ್ಷ ಈಸ್ಟರ್ ಹಬ್ಬದ ಮುಂದಿನ ಭಾನುವಾರ ನಾವೆಲ್ಲ ಬಣ್ಣದ ಮೊಟ್ಟೆ, ಸಿಹಿ ರೊಟ್ಟಿ ಹಿಡಿದು ಗೋರಿಗಳ ಹತ್ತಿರ ಹೋಗಿ ನಮ್ಮವರ ಜತೆ ಕೂತು ಉಣ್ಣುತ್ತೇವೆ. ಅಜ್ಜಿ ಬರುತ್ತಿರಲಿಲ್ಲ. ಒರಿಸ್ಯಾಳ ಮೊಟ್ಟೆಯನ್ನು ಮನೆಯ ಗೇಟಿನ ಕಂಬದ ಮೇಲೆ ಇಡುತ್ತಿದ್ದಳು. ಆ ಗೇಟಿಗೆ ಅರವತ್ತು ವರ್ಷದಿಂದ ಚಿಲಕ ಹಾಕಿರಲಿಲ್ಲ.

೧೯೯೩ರಲ್ಲಿ ಊರವರು ಸತ್ತವರ ನೆನಪಿಗೆ ಶಿಲುಬೆ ನಿಲ್ಲಿಸಲು ಹೊರಟರು. "ದಫ್ತರದಲ್ಲಿ ಸತ್ತರು ಅಂತ ಇದ್ದರೆ ಮಾತ್ರ ಹೆಸರು ಕೆತ್ತಿಸ್ತೀವಿ," ಎಂದರು ಪುರಸಭೆಯ ಅಧ್ಯಕ್ಷರು. ನನಗೆ ಮೈಯೆಲ್ಲ ಉರಿಯಿತು. ನಿಯಮಾವಳಿ ತಿರುವಿ ಹಾಕಿದೆ. ದಾಖಲೆಯ ತಪ್ಪನ್ನು ಬರೆದವರೇ ತಿದ್ದಿ ಸಹಿ ಹಾಕಬಹುದು ಎಂದಿತ್ತು. ಬರೆದವಳು ಇನ್ನೂ ಬದುಕಿದ್ದಳಲ್ಲ!

ಅಜ್ಜಿ ದಿನಾ ಬಂದು ಕೂತಳು. ಒಂದೊಂದೇ ಸಾಲು ಹೊಡೆದುಹಾಕಿ "ಹಸಿವಿನಿಂದ ಸತ್ತರು" ಎಂದು ಬರೆಯುವಳು. "ಇವ್ನು ದೋರೊಷ್, ನನ್ನ ಜಡೆ ಎಳೀತಿದ್ದ ತರಲೆ. ತಪ್ಪಾಯ್ತು ಕಣೋ," ಎಂದು ಸಹಿ ಹಾಕುವಳು. ಎಂಬತ್ತೆರಡು ಮುಗಿದವು. ಒರಿಸ್ಯಾಳ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟಳು.

"ಬೇಡ ಕಣೇ ಸ್ತೆಫಾ. ಇದೊಂದು ಹಾಗೇ ಇರ್ಲಿ."

"ಅದೇನಜ್ಜಿ? ನಿಮ್ಮ ತಂಗಿ ಹೆಸರೇ ಶಿಲುಬೆ ಮೇಲೆ ಬೇಡ್ವಾ?"

"ಊರು ಬಿಟ್ಟೋಳು ಅಂದ್ರೆ ವಾಪಸ್ ಬರಬಹುದು. ಸತ್ತಳು ಅಂತ ಬರೆದ್ರೆ ಎಲ್ಲಿಂದ ಬರ್ತಾಳೆ?"

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಅರವತ್ತು ವರ್ಷದಲ್ಲಿ ಒಂದು ಸಲನಾದ್ರೂ ಬಂದ್ಲಾ?" ಎಂದುಬಿಟ್ಟೆ. ಅಜ್ಜಿ ಪೆನ್ನು ಎತ್ತಿಕೊಂಡಳು. ಮುತ್ತಿನಂಥ ಅಕ್ಷರದಲ್ಲಿ "ಹಸಿವಿನಿಂದ ಸತ್ತಳು" ಎಂದು ಬರೆದು, ಸಹಿ ಹಾಕಿ, ಎದ್ದು ಹೋದಳು.

ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಅವಳ ಮನೆಗೆ ಹೋದೆ. ಗೇಟನ್ನು ತಂತಿಯಿಂದ ಬಿಗಿದಿದ್ದಳು. ಅವಳು ಒಳಗೆ ಕಿಟಕಿಯ ಹತ್ತಿರ ಕಿವಿ ಮುಚ್ಚಿಕೊಂಡು ಕೂತಿದ್ದಳು.

"ಯಾಕಜ್ಜಿ?" ಎಂದು ಬೇಲಿಯಾಚೆಯಿಂದಲೇ ಕೂಗಿದೆ.

"ಸತ್ತೋಳು ಅಂತ ಬರೆದೆನಲ್ಲ, ಅದಕ್ಕೆ ಗೇಟು ಮುಚ್ಚಿದೆ. ಆಗಿಂದ ಅಲ್ಲಾಡಿಸ್ತಾನೇ ಇದಾಳೆ. ಅಕ್ಕಾ, ಯಾಕೆ ಮುಚ್ಚಿದೆ ಅಂತಾಳೆ."

ಗಾಳಿ ಒಂದಿಷ್ಟೂ ಇರಲಿಲ್ಲ. ಗೇಟಿನ ಮೇಲೆ ಕೈಯಿಟ್ಟೆ. ಗೇಟು ನಡುಗುತ್ತಿತ್ತು. ನನ್ನ ಕೈಯೇ ನಡುಗುತ್ತಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ನನಗೆ ಭಯವಾಯಿತು. ಆದರೂ ಬಾಗಿ ತಂತಿ ಬಿಚ್ಚಿದೆ, ಗೇಟನ್ನು ಪೂರ್ತಿ ತೆರೆದೆ, ದಾರಿ ಬಿಟ್ಟು ಪಕ್ಕಕ್ಕೆ ನಿಂತೆ.