ಕಡೀ ಹೊಲ

ಭೀಮರಾಯನಗುಡಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವರು. ಅವರು ಕುಳಿತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ಚಹಾದ ಬಸಿ ಹಿಡಿದುಕೊಂಡೇ ಅಂಗಳದಲ್ಲಿ ಅಡ್ಡಾಡುವರು. ಕಾಲುವೆಗೆ ನೀರು ಬಿಟ್ಟ ದಿನವಂತೂ ಎದುರು ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: “ನೀರು ಕಾಲುವಿ ತುದೀಗಿರೋ ಕಡೀ ಹೊಲಕ್ಕ ಮುಟ್ಟಿತೇನು?”

ಅವರ ಅಳಿಯ ದೂರದ ದ್ವೀಪದೇಶವೊಂದಕ್ಕೆ ಕಟ್ಟಡ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿ, ಅಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡ. ಆ ದೇಶದಲ್ಲಿ ನಮ್ಮ ರಾಯಭಾರ ಕಚೇರಿಯೇ ಇರಲಿಲ್ಲ. ಇದ್ದದ್ದು ಸಮುದ್ರದಾಚೆ, ಪಕ್ಕದ ದೇಶದಲ್ಲಿ. ಅಲ್ಲಿಗೆ ಹೋಗಲು ಪಾಸ್‌ಪೋರ್ಟ್ ಬೇಕು!

ಕಾಕಾ ಬಸಿ ಹಿಡಿದೇ ನಮ್ಮ ಬಾಗಿಲಿಗೆ ಬಂದರು. “ನೋಡವಾ, ದೊಡ್ಡ ದೇಶದಾಗ ಊರೂರಿಗೆ ಆಫೀಸ್ ಇಟ್ಟಾರ. ಕಾಲುವಿ ಬಾಯಾಗ ಕುಂತವಂಗ ನೀರು ಹೆಂಗಿದ್ರೂ ಸಿಗ್ತಾವ. ಆಫೀಸ್ ತೆರಿಯೂದಾದ್ರ ಕಡೀ ಹೊಲದಂಥಾ ಸಣ್ಣ ದೇಶದಾಗ ತೆರೀಬೇಕು!”

ತಿಂಗಳುಗಟ್ಟಲೆ ಅಲೆದು ಅಳಿಯ ಹೇಗೋ ಮನೆ ಸೇರಿದ. ಆಮೇಲೊಂದು ಸಂಜೆ ಟಿವಿಯಲ್ಲಿ ಆ ದ್ವೀಪದ ಹೆಸರು ಕೇಳಿ ನಾನು ಅಂಗಳಕ್ಕೆ ಓಡಿದೆ.

“ಕಾಕಾ, ನಿಮ್ಮ ಅಳಿಯ ಇದ್ದ ದೇಶದಾಗ ನಮ್ಮ ಕಚೇರಿ ತೆರಿಯಾಕತ್ತಾರ್ರಿ!”

ಕಾಕಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಕಾಕಾ ನಿಂತರು, ಕಟ್ಟೆಯ ಮೇಲೆ ಕುಳಿತೂ ಬಿಟ್ಟರು. ಬಸಿ ತುಟಿಯವರೆಗೆ ಹೋಗಿ ನಿಂತಿತು.

“ಅದರಾಚಿ ಮತ್ತೊಂದು ದ್ವೀಪ ಐತೇನು?”

“ಐತ್ರಿ. ಸಣ್ಣದು.”

“ನಮ್ಮವ್ರು ಅದಾರೇನು?”

“ಇರಬಹುದ್ರಿ.”

ಕಾಕಾ ಚಹಾ ಕಟ್ಟೆಯ ಮೇಲಿಟ್ಟು ಎದ್ದರು.

“ಹಂಗಾರ ಕಡೀ ಹೊಲಕ್ಕ ಎಲ್ಲಿ ಮುಟ್ಟಿತವಾ?”